ಬಿನ್ನಿ ಮಿಲ್ಲಿಗೂ ನಾಪೋಕ್ಲಿಗೂ ಏನು ಸಂಬಂಧ?

ಓದುಗರ ಪತ್ರ: "ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಮುಚ್ಚಿಹೋದ ಬಟ್ಟೆ ಗಿರಣಿಗಳ ಬಗ್ಗೆ, ಅವುಗಳ ಸುತ್ತ ಇದ್ದು ಈಗ ಇಲ್ಲವಾದ ಬೀದಿಗಳ ಬಗ್ಗೆ ಆರು ಪುಟ ಹಾಕಿದ್ದೀರಿ. ಓದಿದೆ. ಆದರೆ ಮಡಿಕೇರಿಯಿಂದ ಹೊರಡುವ ಪತ್ರಿಕೆಗೆ ಇದೆಲ್ಲ ಏಕೆ? ಇಲ್ಲಿ ನಮ್ಮ ಹಿರಿಯರ ಐನ್‌ಮನೆಗಳ ಮಾಡು ಕುಸಿಯುತ್ತಿದೆ. ಹುಡುಗನಾಗಿದ್ದಾಗ ಅಪ್ಪನ ಜೊತೆ ಲಾರಿಯಲ್ಲಿ ಗೋಣಿಕೊಪ್ಪದ ಕಿತ್ತಳೆ ಶೆಡ್ಡಿಗೆ ಹೋಗಿ ಹಣ್ಣಿನ ರಾಶಿಯ ಮಗ್ಗುಲಲ್ಲೇ ನಿದ್ದೆ ಹೋಗುತ್ತಿದ್ದೆ. ಈಗ ಆ ಹಣ್ಣೂ ಇಲ್ಲ, ಆ ನಿದ್ದೆಯೂ ಇಲ್ಲ. ನಮ್ಮದನ್ನು ಬಿಟ್ಟು ಯಾರೋ ಕಟ್ಟಿ ಯಾರೋ ಕೆಡವಿದ ಮಿಲ್ಲಿಗೆ ಅಳುವುದು ಯಾವ ನ್ಯಾಯ? ಹೆಸರು ಹಾಕಬೇಡಿ. ನನ್ನ ಮಗ ಫ್ಲ್ಯಾಟ್ ಕೊಂಡಿರುವುದು ಅದೇ ಬಿನ್ನಿ ಮಿಲ್ಲಿನ ಜಾಗದಲ್ಲಿ." (ಕೊಡಗಿನ ನಾಪೋಕ್ಲು ಕಡೆಯ ಹಿರಿಯ ಓದುಗರು)

ಸಂಪಾದಕರ ಉತ್ತರ:

ಹಿರಿಯರೇ, ನಿಮ್ಮ ಪತ್ರದ ಕೊನೆಯ ಸಾಲು ಮೊದಲಿಗೇ ಬಂದಿದ್ದರೆ ನನ್ನ ಕೆಲಸ ಅರ್ಧಕ್ಕರ್ಧ ಹಗುರಾಗುತ್ತಿತ್ತು. ಒಂದು ಕಾಲಕ್ಕೆ ಮಗ್ಗಗಳು ಹಗಲಿರುಳು ಕುಟ್ಟುತ್ತಿದ್ದ ನೆಲದ ಮೇಲೆ ಮಗ ಮಂಚ ಹಾಕಿಕೊಂಡು ಮಲಗಿದ್ದಾರೆ. ತಂದೆ ನಾಪೋಕ್ಲಿನಲ್ಲಿ ಕುಳಿತು ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳುತ್ತಿದ್ದಾರೆ. ಹೆಸರು ಹಾಕಿಲ್ಲ, ಗಾಬರಿ ಬೇಡ.

ಐನ್‌ಮನೆಯ ಮಾತಿಗೆ ನನ್ನ ತಕರಾರಿಲ್ಲ. ಹೆಂಚು ಜಾರಿ ಮಳೆನೀರು ಒಳಗಿನ ನಡುಮನೆಗೇ, ನೆಲ್ಲಕ್ಕಿ ನಡುಬಾಡೆಗೇ ಇಳಿಯುವುದನ್ನು ನಾನೂ ಕಂಡಿದ್ದೇನೆ, ಕೆತ್ತನೆಯ ಕಂಬಕ್ಕೆ ಗೆದ್ದಲು ಹತ್ತಿದ್ದನ್ನೂ ಕಂಡಿದ್ದೇನೆ. ಅದರ ಬಗ್ಗೆ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಐನ್‌ಮನೆಗೆ ಒಂದು ಒಕ್ಕ, ಅಂದರೆ ಒಂದು ಮನೆತನ ಇದೆ. ಜಗಳವಾಡಿಕೊಂಡಾದರೂ ಪುತ್ತರಿ ಹಬ್ಬಕ್ಕೆ ಬಂದು ಸೇರುವ ಜನ ಇದ್ದಾರೆ. ಗಿರಣಿಯ ಬೀದಿಗೆ ಯಾರಿದ್ದಾರೆ? ಇಪ್ಪತ್ತು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದವರು ಗಿರಣಿಗೆ ಬೀಗ ಬಿದ್ದ ಮೇಲೆ ದಿಕ್ಕಿಗೊಬ್ಬರಾಗಿ ಹೋಗುತ್ತಾರೆ. ಅಲ್ಲಿ ವರ್ಷಕ್ಕೊಮ್ಮೆ ದೀಪ ಹಚ್ಚುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ನನ್ನ ಪಕ್ಷಪಾತ ಆ ಕಡೆಗೆ. ಅದನ್ನು ಮುಚ್ಚಿಡುವ ವಯಸ್ಸು ನನಗೆ ದಾಟಿದೆ.

ಇನ್ನು ಸಂಬಂಧದ ಮಾತು. ನಿಮ್ಮ ಗದ್ದೆ ಬಯಲಿನ ಬದಿಯಲ್ಲಿ ಹರಿದುಹೋಗುವ ಕಾವೇರಿ ಎಲ್ಲಿಗೆ ಹೋಗುತ್ತಾಳೆ ಎಂದು ಯೋಚಿಸಿದ್ದೀರಾ? ತಮಿಳುನಾಡಿಗೆ ಎಂದು ಎಲ್ಲರೂ ಹೇಳುತ್ತಾರೆ. ದಾರಿಯಲ್ಲಿ ಅವಳು ಮಾಡಿದ ಕೂಲಿ ಕೆಲಸವನ್ನು ಯಾರೂ ಹೇಳುವುದಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟ್ 5ರಂದು. ಮೊದಲು ಗಣಿ, ಆಮೇಲೆ ರಾಜಧಾನಿಯಂಥ ಊರು. ಬೇಸಿಗೆಯಲ್ಲಿ ನೀರಿಳಿದು ಗಣಿಗೆ ವಿದ್ಯುತ್ತು ಸಾಲದಾಗುತ್ತಿತ್ತು. ಕನ್ನಂಬಾಡಿ ಕಟ್ಟೆ ಕಟ್ಟಲು ಇದೂ ಒಂದು ದೊಡ್ಡ ಕಾರಣ. ಆ ಕಟ್ಟೆಯಲ್ಲಿ ಕನ್ನಂಬಾಡಿ ಎಂಬ ಊರೇ ಮುಳುಗಿತು. ನಾವು ಜೂನ್ ತಿಂಗಳಲ್ಲಿ ಹಾಳು ಮಳೆ ಎಂದು ಬೈದುಕೊಂಡು ಕೊಡೆ ಬಿಡಿಸುತ್ತೇವಲ್ಲ, ಆ ಮಳೆ ಕೋಲಾರದ ಪಾತಾಳದಲ್ಲಿ ದುಡಿದಿದೆ ಸ್ವಾಮಿ.

ಪಾತಾಳ ಎಂದದ್ದು ಬಾಯಿಮಾತಿಗಲ್ಲ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಗಣಿಯೊಳಗೇ 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಎಷ್ಟೋ ಜನ. ಒಂದು ಸಂಗತಿ ಗಮನಿಸಿ. ಅಲ್ಲಿ ಕಾರ್ಮಿಕರ ಗುಡಿಸಲ ಸಾಲಿಗೆ ಲೈನ್ ಎನ್ನುತ್ತಿದ್ದರು. ನಮ್ಮ ಕಾಫಿ ತೋಟದಲ್ಲಿ ಕೂಲಿಯವರ ಮನೆಗೂ ಲೈನ್ ಮನೆ ಎಂದೇ ಹೆಸರು. ಎರಡೂ ಕಡೆ ಹೆಸರಿಟ್ಟದ್ದು ಇಂಗ್ಲಿಷ್ ದೊರೆಗಳ ಕಾಲ, ಎರಡೂ ಕಡೆ ಮನೆ ಬಿದ್ದರೆ ಫೋಟೋ ತೆಗೆಯುವವರಿಲ್ಲ.

ಈಗ ಬಿನ್ನಿಗೆ ಬರೋಣ. 1884ರಲ್ಲಿ ಶುರುವಾದ ಗಿರಣಿ ಅದು. ಹತ್ತಿ, ಉಣ್ಣೆ, ರೇಷ್ಮೆ ಮೂರನ್ನೂ ನೇಯುತ್ತಿತ್ತು. ಸೇನೆಗೆ ಕಂಬಳಿಯೂ ಅಲ್ಲಿಂದ ಹೋಗುತ್ತಿತ್ತು. ಸೈನಿಕರಿಗೆ ಹೆಸರಾದ ನಾಡು ನಮ್ಮದು. ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಒಮ್ಮೆ ಇಳಿಸಿ ನೋಡಿ, ಸಂಬಂಧ ಮಡಚಿಕೊಂಡು ಮಲಗಿದ್ದರೂ ಇದ್ದೀತು.

ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಕಾಟನ್‌ಪೇಟೆಯ ಒಂದು ಮಾಳಿಗೆ ಕೋಣೆಯಲ್ಲಿದ್ದೆ. ಹತ್ತಿರದ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಿರಣಿಯ ಸೈರನ್ ಕೂಗಿದರೆ ಎದ್ದೆ, ಕೂಗಿದರೆ ಉಂಡೆ. ಪಾಳಿ ಬಿಟ್ಟಾಗ ಮೊದಲು ಕೇಳುತ್ತಿದ್ದುದು ಸೈಕಲ್ ಬೆಲ್ಲುಗಳ ಸದ್ದು, ಆಮೇಲೆ ಜನರ ಮಾತು. ಅದೂ ಎಂಥ ಮಾತು! ಮಗ್ಗದ ಸದ್ದಿನಲ್ಲಿ ಎಂಟು ಗಂಟೆ ಕಳೆದವರು ಪಕ್ಕದವನಿಗೆ ಗುಟ್ಟು ಹೇಳಿದರೂ ಮಾಳಿಗೆಯಲ್ಲಿದ್ದ ನನಗೆ ಕೇಳುತ್ತಿತ್ತು. ಎಷ್ಟು ಸಾಲ, ಯಾರ ಮಗಳಿಗೆ ಗಂಡು, ಯಾವ ಮೇಸ್ತ್ರಿ ಕೆಟ್ಟವನು ಎಲ್ಲವೂ. ಹುಬ್ಬಿನ ಮೇಲೆ, ಕಿವಿಯ ಮೇಲಿನ ಕೂದಲಿಗೆ ಹತ್ತಿಯ ಸಣ್ಣ ನಾರು ಅಂಟಿಕೊಂಡು ಇಪ್ಪತ್ತೈದರ ಹುಡುಗರು ಎಪ್ಪತ್ತರ ಮುದುಕರಂತೆ ಕಾಣುತ್ತಿದ್ದರು. ಮೂಲೆಯಲ್ಲಿ ಇಡ್ಲಿ ಮಾರುತ್ತಿದ್ದ ಒಬ್ಬ ತಾಯಿ ಅವರ ಕೈಗೆ ಎಲೆ ಕೊಡುವ ಮೊದಲು ತನ್ನ ಸೆರಗಿನಿಂದ ಹೆಗಲಿನ ಹತ್ತಿ ಕೊಡವುತ್ತಿದ್ದಳು. ಪ್ರೀತಿಗಲ್ಲ, ಇಡ್ಲಿಯ ಮೇಲೆ ಬೀಳದಿರಲಿ ಎಂದು. ಆದರೂ ಕೊಡವುತ್ತಿದ್ದಳು.

ಗಿರಣಿ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ಹತ್ತಿ ಎದೆಗೂ ಇಳಿಯುತ್ತಿತ್ತು. ರಾತ್ರಿಯಿಡೀ ಕೆಮ್ಮುವ ಮನೆಗಳು ಆ ಬೀದಿಯಲ್ಲಿ ಬೇಕಷ್ಟಿದ್ದವು. ಊರು ಬೆಳೆಯಬೇಕು, ಜನಕ್ಕೆ ಮನೆ ಬೇಕು, ನಿಮ್ಮ ಮಗನಿಗೂ ಬೇಕು. ಒಪ್ಪಿದೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಈಗ ದೊಡ್ಡ ಮಾಲ್ ಇದೆ, ಅಲ್ಲಿಯೂ ನೂರಾರು ಹುಡುಗ ಹುಡುಗಿಯರಿಗೆ ಕೆಲಸವಿದೆ. ಆದರೆ ಕೆಡವುವುದು ಬೇರೆ, ಇರಲೇ ಇಲ್ಲ ಎಂಬಂತೆ ಒರೆಸಿಹಾಕುವುದು ಬೇರೆ. ನನ್ನ ಸಿಟ್ಟು ಎರಡನೆಯದಕ್ಕೆ.

ಈಚೆಗೆ ಬೆಂಗಳೂರಿಗೆ ಹೋದಾಗ ಆ ಮೂಲೆ ಹುಡುಕಿದೆ. ಸಿಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನಿರ್ವಾಹಕ ಬಾಗಿಲ ಬಳಿ ನಿಂತು ಬಿನ್ನಿ ಮಿಲ್, ಬಿನ್ನಿ ಮಿಲ್ ಎಂದು ಕೂಗಿದ. ಎದೆ ಝಲ್ಲೆಂದಿತು. ಎಲ್ಲಿದೆಯಪ್ಪ ಮಿಲ್ಲು ಎಂದು ಕೇಳಿದೆ. "ಅದು ಸ್ಟಾಪಿನ ಹೆಸರು ಸಾರ್" ಎಂದ. ಮೂವತ್ತು ದಾಟದ ಹುಡುಗ. ಆದರೆ ಲಕ್ಷಾಂತರ ಗಜ ಬಟ್ಟೆ ನೇಯ್ದ ಗಿರಣಿಯಲ್ಲಿ ಉಳಿದದ್ದನ್ನು ದಿನಕ್ಕೆ ಹತ್ತು ಸಲ ಕೂಗಿ ಹೇಳುತ್ತಿರುವುದು ಅವನೊಬ್ಬನೇ. ಆ ಹೆಸರೂ ಅಲ್ಲಿರುವ ಯಾವುದೋ ಹೊಸ ಕಟ್ಟಡದ ಹೆಸರಿಗೆ ಬದಲಾಗುವ ದಿನ ದೂರವಿಲ್ಲ. ಅರಳೇಪೇಟೆಯಲ್ಲಿ ಎಷ್ಟು ಜನ ಅರಳೆ ಮಾರುತ್ತಾರೆ, ಹೇಳಿ.

ಹೆಸರಿನ ವಿಚಿತ್ರ ಇನ್ನೊಂದಿದೆ. ಬೆಂಗಳೂರಿನ ಮಿನರ್ವ ಮಿಲ್ಲಿನ ಗೋಡೆ ಯಾವ ಕಡೆಗಿತ್ತು ಎಂದು ಆ ಊರಿನವರನ್ನೇ ಕೇಳಿ, ತಡವರಿಸುತ್ತಾರೆ. ಕೆಲವರು ಮಿನರ್ವ ಸರ್ಕಲ್ಲಿಗೆ ಕಳಿಸುತ್ತಾರೆ. ಅದು ಚಿತ್ರಮಂದಿರದಿಂದ ಬಂದ ಹೆಸರು, ಮಿಲ್ಲಿನದಲ್ಲ. ಆದರೆ ದೇಶದ ಯಾವ ಮೂಲೆಯ ಕಾನೂನು ವಿದ್ಯಾರ್ಥಿಯನ್ನು ಎಬ್ಬಿಸಿ ಕೇಳಿದರೂ ಮಿನರ್ವ ಮಿಲ್ಸ್ ಮೊಕದ್ದಮೆ, 1980, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ಗಿಳಿಪಾಠ ಒಪ್ಪಿಸುತ್ತಾರೆ. ನಷ್ಟದಲ್ಲಿದ್ದ ಗಿರಣಿಯನ್ನು ಸರ್ಕಾರ ವಶಪಡಿಸಿಕೊಂಡದ್ದಕ್ಕೆ ಮಾಲೀಕರು ಹೂಡಿದ ದಾವೆ ಅದು. ದೇಶದ ಸಂವಿಧಾನಕ್ಕೆ ಗೋಡೆ ಕಟ್ಟಿಕೊಟ್ಟ ಗಿರಣಿಯ ಸ್ವಂತ ಗೋಡೆಯನ್ನು ನೆನೆಯುವವರಿಲ್ಲ.

ಇತ್ತೀಚೆಗೆ ಎಲ್ಲರ ಮೊಬೈಲಿಗೂ ಹಳೆಯ ಬೆಂಗಳೂರಿನ ಚಿತ್ರಗಳು ಬರುತ್ತವೆ. ನೀವೂ ಕಂಡಿರುತ್ತೀರಿ. ಖಾಲಿ ರಸ್ತೆ, ಎರಡು ಜಟಕಾ, ಮರದ ನೆರಳು, ಕೆಳಗೆ ಆಹಾ ಎಷ್ಟು ಶಾಂತವಾಗಿತ್ತು ಎಂಬ ಒಕ್ಕಣೆ. ಶಾಂತವಾಗಿರುವುದೇನು, ಜನರೆಲ್ಲ ಗಿರಣಿಯ ಒಳಗಿದ್ದರು! ಆ ಚಿತ್ರಗಳಲ್ಲಿ ಬಂಗಲೆ ಇದೆ, ಚರ್ಚಿದೆ, ಕುದುರೆ ಇದೆ. ಪಾಳಿ ಮುಗಿಸಿ ಬರುವವನು ಮಾತ್ರ ಇಲ್ಲ. ಗಿರಣಿ ಬೀದಿಯ ಹಳೆಯ ನಕ್ಷೆ ಸಿಕ್ಕೀತೇ ಎಂದು ಒಂದು ಕಚೇರಿಗೆ ಮೂರು ಸಲ ಅಲೆದೆ. ಮೊದಲ ಸಲ ಗುಮಾಸ್ತರು ರಜೆಯಲ್ಲಿದ್ದರು. ಎರಡನೆಯ ಸಲ ಬೀಗದ ಕೈ ರಜೆಯಲ್ಲಿತ್ತು. ಮೂರನೆಯ ಸಲ, ಆ ನಕ್ಷೆಯಿಂದ ನಿಮಗೆ ಬರುವ ಆಸ್ತಿ ಎಷ್ಟು ಎಂದು ಕೇಳಿದರು. ಆಸ್ತಿ ಇಲ್ಲ ಎಂದಾಗ ಅವರಿಗೆ ನನ್ನ ಮೇಲಿನ ಗುಮಾನಿ ಇನ್ನೂ ಹೆಚ್ಚಾಯಿತು.

ನಮ್ಮ ಜಿಲ್ಲೆಯನ್ನೇನು ಹೊಗಳಲಿ? ನಾವು ನೆನೆಯುವುದು ರಾಜರನ್ನು ಮತ್ತು ಜನರಲ್‌ಗಳನ್ನು. ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ ಬಹಳ ಕಾಲ ಆರ್‌ಟಿಒ ಕಚೇರಿಯಾಗಿತ್ತು, 2021ರಲ್ಲಿ ಸ್ಮಾರಕ ಸಂಗ್ರಹಾಲಯವಾಯಿತು. ಸಂತೋಷ, ನಾನೂ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಕೋಟೆಯ ಗಾರೆಯ ಆನೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳದ ಪ್ರವಾಸಿಗನಿಲ್ಲ. ಆದರೆ ನಾವು ಒಣಗಿಸಿ ಚೀಲ ಕಟ್ಟಿ ಕಳಿಸಿದ ಕಾಫಿಯನ್ನು ಹುಣಸೂರಿನ, ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕುಳಿತು ಕಾಳು ಕಾಳಾಗಿ ಆರಿಸಿದ ಹೆಂಗಸರಿಗೆ ಎಲ್ಲಿ ಸಂಗ್ರಹಾಲಯ? ತೋಟದ ರೈಟರ್ ಹಾಜರಿ ಕರೆಯುತ್ತಿದ್ದ ಕಟ್ಟೆ ಎಲ್ಲಿ? ಲೈನ್ ಮನೆ ಕೆಡವಿ ಹೋಂಸ್ಟೇ ಕಟ್ಟಿ, ಬಾಗಿಲಿಗೆ ಹಳೆಯ ನೇಗಿಲು ತೂಗುಹಾಕಿದರೆ ಪರಂಪರೆ ಉಳಿಯಿತು ಎನ್ನುತ್ತೇವೆ. ಆ ನೇಗಿಲನ್ನೂ ಮೈಸೂರಿನ ಅಂಗಡಿಯಿಂದ ಕೊಂಡು ತಂದವರನ್ನು ನಾನು ಬಲ್ಲೆ.

2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಒಂದು ಪರಿಹಾರ ಕೇಂದ್ರದಲ್ಲಿ ಒಬ್ಬ ಅಕ್ಕ ಸಿಕ್ಕಿದ್ದರು. ಮನೆಯ ನಷ್ಟದ ಅರ್ಜಿ ತುಂಬಿಸುತ್ತಿದ್ದರು. ಗೋಡೆ ಎಷ್ಟು ಅಡಿ, ಹೆಂಚೋ ಶೀಟೋ ಎಲ್ಲಕ್ಕೂ ಉತ್ತರ ಕೊಟ್ಟರು. ಅರ್ಜಿ ಮುಗಿದ ಮೇಲೂ ಎದ್ದು ಹೋಗಲಿಲ್ಲ. "ದಾರಿ ಬರೆದುಕೊಳ್ಳುವುದಿಲ್ಲವೇ?" ಎಂದು ಕೇಳಿದರು. ಬಸ್ಸಿಳಿದರೆ ಚಿಕ್ಕ ಅಂಗಡಿ, ಅಲ್ಲಿಂದ ಏರು, ಹಲಸಿನ ಮರದ ಬಳಿ ತೋಡು ದಾಟಲು ಎರಡು ಅಡಿಕೆ ಮರದ ಪಾಲ, ಪಾಲದ ಆಚೆ ನಾಯಿ ಬೊಗಳುವ ಮನೆ, ಅದರ ಹಿಂದೆ ನಮ್ಮದು ಎಂದು ಕೈಯಲ್ಲೇ ಗೀಚಿ ತೋರಿಸಿದರು. ಅರ್ಜಿಯಲ್ಲಿ ದಾರಿಗೆ ಕಾಲಂ ಇರಲಿಲ್ಲ. ಆ ಗುಡ್ಡವೇ ಇಲ್ಲದ ಮೇಲೆ ಅಂಗಡಿ, ತೋಡು, ಪಾಲ, ನಾಯಿ ಇಷ್ಟೂ ಇರುವುದು ಅವರ ತಲೆಯಲ್ಲಿ ಮಾತ್ರ. ಕಳೆದ ಸಂಚಿಕೆಯ ಆರು ಪುಟ ಬರೆದ ಲೇಖಕರಿಗೆ ನಾನು ಹೇಳಿದ್ದು ಒಂದೇ ಮಾತು. ಕಟ್ಟಡದ ಉದ್ದ ಅಗಲ ಬೇಡ, ಗೇಟಿನಿಂದ ಮನೆಗೆ ನಡೆದ ದಾರಿ ಬರೆಯಿರಿ.

ನಿಮಗೂ ಅದನ್ನೇ ಹೇಳುವವನಿದ್ದೇನೆ. ಪತ್ರದಲ್ಲಿ ನನ್ನನ್ನು ಬೈಯುವ ರಭಸದಲ್ಲಿ ಕಿತ್ತಳೆ ಶೆಡ್ಡಿನ ಒಂದು ವಾಕ್ಯ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಕೊಡಗಿನ ಕಿತ್ತಳೆಗೆ ರೋಗ ಬಂತು, ತೋಟ ಹೋಯಿತು ಎಂದು ಎಲ್ಲರೂ ಬರೆಯುತ್ತಾರೆ. ಹಣ್ಣಿನ ರಾಶಿಯ ಮಗ್ಗುಲಲ್ಲಿ ನಿದ್ದೆ ಹೋದವರು ಎಷ್ಟು ಜನ ಉಳಿದಿದ್ದೀರಿ? ಮುಂದಿನ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿದ್ದೇನೆ. ಹದಿನೈದನೆಯ ತಾರೀಖಿನೊಳಗೆ ಕಳಿಸಿ, ಕೈಬರಹವಾದರೂ ಆದೀತು. ಲಾರಿ ನಾಪೋಕ್ಲಿನಿಂದ ಎಷ್ಟು ಹೊತ್ತಿಗೆ ಹೊರಡುತ್ತಿತ್ತು? ಶೆಡ್ಡಿನ ಬಾಗಿಲು ಯಾವ ದಿಕ್ಕಿಗಿತ್ತು? ಹಣ್ಣನ್ನು ಬುಟ್ಟಿಗೆ ತುಂಬುತ್ತಿದ್ದರೋ ಪೆಟ್ಟಿಗೆಗೋ, ಎಣಿಸುವವರು ಯಾವ ಭಾಷೆಯಲ್ಲಿ ಎಣಿಸುತ್ತಿದ್ದರು? ನಿಮ್ಮನ್ನು ಎಬ್ಬಿಸುತ್ತಿದ್ದವರು ಯಾರು?