ಅನ್‌ಚೈನ್ಡ್ ಮೆಲಡಿ: ‘ಘೋಸ್ಟ್’ಗಿಂತ 35 ವರ್ಷ ಹಿರಿಯ ಹಾಡು

ಪ್ರಶ್ನೆ: ‘ಘೋಸ್ಟ್’ ಚಿತ್ರಕ್ಕಾಗಿ ರಚಿಸಿದ ‘ಅನ್‌ಚೈನ್ಡ್ ಮೆಲಡಿ’ ಇಂದಿಗೂ ಹಳತಾಗದಿರಲು ಕಾರಣವೇನು?

ಉತ್ತರ: ಪ್ರಶ್ನೆಯ ಮೊದಲರ್ಧವೇ ತಪ್ಪು. ಎಷ್ಟು ಬಾರಿ ತಿದ್ದಿದರೂ ಇದೇ ತಪ್ಪು ಮತ್ತೆ ಬರುತ್ತಿರುವುದು ಬೇಸರದ ಸಂಗತಿ. 1955ರಲ್ಲಿ ‘ಅನ್‌ಚೈನ್ಡ್’ ಎಂಬ ಅಮೆರಿಕನ್ ಚಿತ್ರಕ್ಕಾಗಿ ಅಲೆಕ್ಸ್ ನಾರ್ತ್ ರಾಗ ಸಂಯೋಜಿಸಿ, ಹೈ ಜ಼ಾರೆಟ್ ಸಾಹಿತ್ಯ ಬರೆದ ಹಾಡಿದು. ಕ್ಯಾಲಿಫೋರ್ನಿಯಾದ ಚೀನೋ ಸೆರೆಮನೆಯ ಕಥೆಯುಳ್ಳ ಆ ಚಿತ್ರದಲ್ಲಿ ಕೈದಿಯ ಪಾತ್ರ ವಹಿಸಿದ್ದ ಟಾಡ್ ಡಂಕನ್ ಇದನ್ನು ಹಾಡಿದರು. ಕಾಲ ತೆವಳುವ ಸಂಕಟ, ನಲ್ಲೆ ಇನ್ನೂ ತನ್ನವಳೇ ಎಂಬ ಅಳುಕು, ಮನೆಗೆ ಬರುವೆನೆಂಬ ಭರವಸೆ ಇವೆಲ್ಲ ಹುಟ್ಟಿದ್ದು ಆ ಕೈದಿಯ ಬಾಯಲ್ಲಿ. ಆದರೂ ಸಾಹಿತ್ಯದಲ್ಲಿ ಸೆರೆಮನೆಯ ಪ್ರಸ್ತಾಪವೇ ಇಲ್ಲದ ಕಾರಣ ಅಗಲಿಕೆಯಲ್ಲಿರುವ ಯಾರಿಗಾದರೂ ಅದು ತಮ್ಮದೆನಿಸುತ್ತದೆ. 1990ರಲ್ಲಿ, ನಲ್ಲನನ್ನು ಕಳೆದುಕೊಂಡವಳ ಕಥೆಯಾದ ‘ಘೋಸ್ಟ್’ಗೂ ಹಾಗೆಯೇ ಒಗ್ಗಿತು.

‘ಘೋಸ್ಟ್’ನಲ್ಲಿ ಕೇಳಿಬರುವುದು ರೈಚಸ್ ಬ್ರದರ್ಸ್ ಎಂಬ ಗಾಯಕ ಜೋಡಿಯ 1965ರ ಧ್ವನಿಮುದ್ರಿಕೆ. ಗ್ರಾಮಫೋನ್ ತಟ್ಟೆಯ ಎರಡನೆಯ ಬದಿಗೆಂದು ಹಾಕಿದ್ದ ಹಾಡೇ ಜನಪ್ರಿಯವಾಯಿತು. ಕೆಲವೇ ಸ್ವರಮೇಳಗಳು (ಕಾರ್ಡ್) ಮರಳಿ ಮರಳಿ ಬರುವ, ಮೂರು ಮೂರರ ಎಣಿಕೆಯ ತಿಶ್ರ ನಡೆಯಲ್ಲಿ ನಿಧಾನವಾಗಿ ತೂಗುವ ಹಿನ್ನೆಲೆಯ ಮೇಲೆ ಜೋಡಿಯಲ್ಲೊಬ್ಬರಾದ ಬಾಬಿ ಹ್ಯಾಟ್‌ಫೀಲ್ಡ್ ತಗ್ಗಿದ ದನಿಯಲ್ಲಿ ಆರಂಭಿಸಿ, ಬಹುಹೊತ್ತು ತಮ್ಮನ್ನು ತಡೆದುಕೊಳ್ಳುತ್ತಾರೆ. ಕೊನೆಯಲ್ಲಿ ಪ್ರೀತಿಯನ್ನು ಬೇಡುವ ಸಾಲಿನಲ್ಲಿ ಮಾತ್ರ ಮೂಲ ರಾಗದ ದಾರಿಯನ್ನು ಬಿಟ್ಟು ತಾರಸ್ಥಾಯಿಗೆ ಏರಿ, ಕಳ್ಳದನಿಯ (ಫಾಲ್ಸೆಟೊ) ಅಂಚನ್ನು ಮುಟ್ಟುತ್ತಾರೆ. ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಆ ಏರಿಕೆ ಎದೆಗೆ ತಾಗುತ್ತದೆ. ಕಾಯುವಿಕೆಯನ್ನು ಕುರಿತ ಹಾಡು ಕೇಳುಗನನ್ನೂ ಕಾಯಿಸುತ್ತದೆ. ಅದು ಹಳತಾಗದಿರಲು ನಾನು ಕಂಡ ಕಾರಣ ಇದು. ಮೊದಲ ಸಾಲಿನಿಂದಲೇ ಕಿರುಚುವ ಸ್ಪರ್ಧಾ ವೇದಿಕೆಯ ಗಾಯಕರು ಇದನ್ನು ಹಾಳುಮಾಡುತ್ತಾರೆ.

ಪ್ರಶ್ನೆ: ರೈಚಸ್ ಬ್ರದರ್ಸ್ ಒಡಹುಟ್ಟಿದವರೇ? ಇಬ್ಬರೂ ಸೇರಿ ಹಾಡಿದ್ದಾರೆಯೇ?

ಉತ್ತರ: ಒಡಹುಟ್ಟಿದವರಲ್ಲ, ಇಲ್ಲಿ ಹಾಡಿದವರು ಹ್ಯಾಟ್‌ಫೀಲ್ಡ್ ಒಬ್ಬರೇ, ಜೋಡಿಯ ಇನ್ನೊಬ್ಬರಾದ ಬಿಲ್ ಮೆಡ್ಲಿ ಹಾಡಿಲ್ಲ.

ಪ್ರಶ್ನೆ: ನನ್ನ ಬಳಿ ಈ ಹಾಡಿನ ಎರಡು ಧ್ವನಿಮುದ್ರಿಕೆಗಳಿದ್ದು, ಎರಡರ ಮೇಲೂ ರೈಚಸ್ ಬ್ರದರ್ಸ್ ಹೆಸರೇ ಇದೆ. ಒಂದು ನಕಲಿಯೇ?

ಉತ್ತರ: ನಕಲಿಯಾಗಿರಬೇಕಿಲ್ಲ, 1990ರಲ್ಲಿ ಅವರೇ ಮತ್ತೊಮ್ಮೆ ಮುದ್ರಿಸಿದರು, ಆಗ ಹಳೆಯದೂ ಹೊಸದೂ ಏಕಕಾಲದಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ 20ರೊಳಗಿದ್ದವು.

ಪ್ರಶ್ನೆ: ಅಕ್ಕನ ಆರತಕ್ಷತೆಯಲ್ಲಿ ಇದನ್ನು ಮೂಲ ಶ್ರುತಿಯಲ್ಲೇ ಹಾಡಬೇಕೆಂದಿದ್ದೇನೆ. ಒಂದೇ ವಾರದಲ್ಲಿ ತಾರಸ್ಥಾಯಿ ಕಲಿಸುವುದಾಗಿ ಒಬ್ಬರು ವಿಡಿಯೋದಲ್ಲಿ ಹೇಳುತ್ತಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ವಾರದಲ್ಲಿ ಕಂಠ ಬೆಳೆಯುವುದಿಲ್ಲ, ಬಲವಂತಪಡಿಸಿದರೆ ದನಿ ಒಡೆಯುತ್ತದೆ; ಕರೋಕೆ ಟ್ರ್ಯಾಕಿನ ಶ್ರುತಿಯನ್ನು ನಿಮ್ಮ ಕಂಠಕ್ಕೆ ಒಗ್ಗುವಷ್ಟು ಇಳಿಸಿಕೊಂಡು ಹಾಡಿ.