ಆಗಸ್ಟ್‌ನಿಂದ ಆ ಹುಡುಗ ಯಾಕೆ ತಡವಾಗಿ ಬರುತ್ತಿದ್ದ?

ಪ್ರಶ್ನೆ: ನನ್ನ ಊರು ಶಿರಸಿ. ಬ್ಯಾಂಕ್ ಕೆಲಸಕ್ಕೆಂದು ಕಾರವಾರಕ್ಕೆ ಬಂದು ನಾಲ್ಕು ವರ್ಷವಾಯಿತು. ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಗೆ 14 ವರ್ಷದೊಳಗಿನ 22 ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ದುಡ್ಡಿಗಲ್ಲ, ಪ್ರೀತಿಗೆ. ಅವರಲ್ಲೊಬ್ಬ ಬೈತಖೋಲದ ಹುಡುಗ, 13 ವರ್ಷ. ತಂದೆ ಬೋಟಿಗೆ ಹೋಗುತ್ತಾರೆ, ತಾಯಿ ಮೀನು ಮಾರುತ್ತಾರೆ. ಜೂನ್, ಜುಲೈನ ಜಡಿಮಳೆಯಲ್ಲೂ ಅವನು ಒಂದು ದಿನ ತಪ್ಪಿಸಲಿಲ್ಲ. ಆಗಸ್ಟ್‌ನಿಂದ ತಡವಾಗಿ ಬರತೊಡಗಿದ, ಆಟವೂ ಕೆಟ್ಟಿತು. ಒಂದು ಭಾನುವಾರ ಎಲ್ಲರೆದುರು ‘ನಿನ್ನಂಥವರಿಂದಲೇ ಟೀಮ್ ಹಾಳು’ ಎಂದು ಬೈದು ಹೊರಗೆ ಕೂರಿಸಿದೆ. ಆಮೇಲೆ ಮೂರು ವಾರದಿಂದ ಅವನ ಸುಳಿವಿಲ್ಲ. ಮಕ್ಕಳಿಗೆ ಅಣ್ಣನಂತಿರಬೇಕು ಎಂಬುದು ನನ್ನ ಆಸೆ. ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಅಂತ ಗೆಳೆಯರು ಹೇಳುತ್ತಾರೆ. ಅವನ 7ನೇ ನಂಬರ್ ಜೆರ್ಸಿಯನ್ನು ಈಗ ಬೇರೆ ಹುಡುಗ ಕೇಳುತ್ತಿದ್ದಾನೆ. ಏನು ಮಾಡಲಿ?
– ಹೆಸರು ಬೇಡ, ಕಾರವಾರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ‘ಆಗಸ್ಟ್’ ಎಂಬ ಮಾತಿನಲ್ಲೇ ನಿಂತುಬಿಟ್ಟೆ. ನೀವು ಘಟ್ಟದ ಮೇಲಿನವರು. ಅಡಿಕೆ ಕೊಯ್ಲು ಯಾವಾಗ, ಕೊಳೆರೋಗಕ್ಕೆ ಮದ್ದು ಹೊಡೆಯುವುದು ಯಾವಾಗ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ಕರಾವಳಿಗೂ ಅಂಥದ್ದೇ ಒಂದು ಲೆಕ್ಕ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅಷ್ಟು ದಿನ ಅಪ್ಪ ಮನೆಯಲ್ಲಿರುತ್ತಾರೆ. ಆಗಸ್ಟ್ ಬಂತೆಂದರೆ ಮನೆಯ ಹೊತ್ತೆಲ್ಲ ಬದಲಾಗುತ್ತದೆ. ಅಪ್ಪ ಕಡಲಿಗೆ ಹೋದರೆ ಅಮ್ಮನಿಗೆ ಬುಟ್ಟಿ ಎತ್ತಿಕೊಡುವವರು ಯಾರು, ತಂಗಿ ತಮ್ಮಂದಿರನ್ನು ಎಬ್ಬಿಸುವವರು ಯಾರು? ಅದೂ ಭಾನುವಾರ, ಕಾರವಾರದ ಸಂತೆಯ ದಿನ. ಇದು ನನ್ನ ಊಹೆ ಅಷ್ಟೇ, ತಪ್ಪಿರಬಹುದು. ಆದರೆ ನೀವೂ ಅವನನ್ನು ಕೇಳಲಿಲ್ಲ, ಅಲ್ವಾ?

ಆಟ ಕೆಟ್ಟಿದ್ದಕ್ಕೂ ಬೇರೆ ಕಾರಣ ಇರಬಹುದು. 13, 14ರ ಹುಡುಗರು ಒಮ್ಮೆಲೇ ಉದ್ದವಾಗುತ್ತಾರೆ. ಕೆಲವರು ವರ್ಷಕ್ಕೆ 8ರಿಂದ 10 ಸೆಂಟಿಮೀಟರ್ ಬೆಳೆಯುವುದೂ ಉಂಟು. ಕಾಲು ಉದ್ದವಾಗುತ್ತದೆ, ಅದನ್ನು ಆಡಿಸುವ ಅಂದಾಜು ಮಾತ್ರ ಹಳೆಯದೇ ಇರುತ್ತದೆ. ಮೊನ್ನೆ ಸಲೀಸಾಗಿ ತಡೆಯುತ್ತಿದ್ದ ಪಾಸ್ ಇಂದು ಮೊಣಕಾಲಿಗೆ ಬಡಿದು ಆಚೆ ಹೋಗುತ್ತದೆ. ಕೆಲವರಿಗೆ ಮೊಣಚಿಪ್ಪಿನ ಕೆಳಗೆ ನೋವೂ ಬರುತ್ತದೆ. ಬೈಸಿಕೊಳ್ಳುವ ಭಯಕ್ಕೆ ಅದನ್ನು ಹೇಳುವುದಿಲ್ಲ. ಅವನು ಬಂದಾಗ ಕಾಲು ನೋವಿದೆಯಾ ಎಂದು ಕೇಳಿ. ಇದ್ದರೆ ಡಾಕ್ಟರಿಗೆ ತೋರಿಸಲಿ, ಓಡುವುದನ್ನು ಕಡಿಮೆ ಮಾಡಿಸಿ.

ಮೊದಲು ಅವನ ಮನೆಗೆ ಹೋಗಿ. ಅಪ್ಪನೋ ಅಮ್ಮನೋ ಇರುವ ಹೊತ್ತು ನೋಡಿಕೊಂಡು ಹೋಗಿ. ‘ನಿಮ್ಮ ಮಗ ಯಾಕೆ ಬರುತ್ತಿಲ್ಲ’ ಎಂದು ಶುರು ಮಾಡಿದರೆ ಅದು ದೂರು ಆಗುತ್ತದೆ, ಹುಡುಗನಿಗೆ ಇನ್ನೊಂದು ಸುತ್ತು ಬೈಗುಳ ಗ್ಯಾರಂಟಿ. ‘ನಾನು ಅವನಿಗೆ ಎಲ್ಲರೆದುರು ಹಾಗೆ ಹೇಳಬಾರದಿತ್ತು’ ಎಂದು ಶುರು ಮಾಡಿ. ನಾಲ್ಕು ವರ್ಷದಲ್ಲಿ ‘ಜೇವಣ ಜಾಲೆಂ?’ (ಊಟ ಆಯ್ತಾ?) ಎನ್ನುವಷ್ಟು ಕೊಂಕಣಿ ಬಂದಿರಬೇಕಲ್ಲ, ಬಂದಿದ್ದರೆ ಅದನ್ನೂ ಆಡಿ. ಆಮೇಲೆ ಸುಮ್ನೆ ಕೂತು ಕೇಳಿ. ಅವನು ನೆಲ ನೋಡುತ್ತಾ ಕೂತರೆ ಕೂರಲಿ. ಆ ಮೌನವನ್ನು ಉಪದೇಶದಿಂದ ತುಂಬಬೇಡಿ.

ಇಷ್ಟಕ್ಕೇ ಮುಗಿಸಬೇಡಿ. ಬೈದದ್ದು 21 ಮಕ್ಕಳ ಎದುರು. ಹಾಗಾಗಿ ಕ್ಷಮೆ ಕೇಳುವುದೂ ಅವರೆದುರೇ ಆಗಬೇಕು. ಅವನು ಮೈದಾನಕ್ಕೆ ಬರಲಿ, ಬಾರದಿರಲಿ, ಈ ಶನಿವಾರವೇ ಹೇಳಿ. ಇದರಿಂದ ನಿಮ್ಮ ಮಾತಿನ ತೂಕ ಹೋಗುತ್ತದೆ ಎಂಬ ಭಯ ಬೇಡ. ಅಂದು ಬೈಸಿಕೊಂಡವನು ಒಬ್ಬ, ಆದರೆ ನಾಳೆ ನಮಗೂ ಹೀಗೇ ಎಂದುಕೊಂಡವರು ಎಲ್ಲರೂ.

ಸಲಿಗೆಯೋ ಶಿಸ್ತೋ ಎಂಬ ನಿಮ್ಮ ಗೊಂದಲಕ್ಕೆ ಬರೋಣ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಕ್ಷಮೆ ಕೇಳಿದ ಮಾತ್ರಕ್ಕೆ ಅವನಿಗೆ ಮ್ಯಾಚಿನಲ್ಲಿ ಜಾಗ ಕೊಡುತ್ತೇನೆಂದು ಮಾತು ಕೊಡಬೇಡಿ. ಕೊಟ್ಟರೆ ಉಳಿದವರಿಗೆ ಅನ್ಯಾಯ. ನಿಯಮವನ್ನೇ ಎಲ್ಲರಿಗೂ ಬದಲಿಸಿ. ತಡವಾದರೆ ಮೊದಲೇ ತಿಳಿಸಬೇಕು, ತಿಳಿಸಿದವರಿಗೆ ಶಿಕ್ಷೆ ಇಲ್ಲ. ತಿಳಿಸದೆ ತಡವಾಗಿ ಬಂದವರು ಆ ದಿನ ಬಾಲು, ಕೋನ್‌ಗಳನ್ನೆಲ್ಲ ಎತ್ತಿಡಲಿ. ಹೊರಗೆ ಕೂರಿಸುವುದು ಬೇಡವೇ ಬೇಡ. ಆಡಲೆಂದೇ ಬಂದ ಮಗುವಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಒಂದು ನೋಟ್‌ಬುಕ್ ತೆಗೆದುಕೊಂಡು 22 ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಬಾಲಿಗೆ ಸಂಬಂಧವಿಲ್ಲದ ಒಂದು ಸಂಗತಿ ಬರೆಯಿರಿ. ಯಾರ ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ, ಯಾರಿಗೆ ಗಣಿತ ಎಂದರೆ ಜ್ವರ, ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾರೆ. ಬರೆಯಲಾಗದೆ ಖಾಲಿ ಬಿದ್ದ ಸಾಲುಗಳೇ ಮುಂದಿನ ವಾರದ ಕೆಲಸ. ಸಾಮಾನ್ಯವಾಗಿ ಆ ಸಾಲುಗಳಲ್ಲಿ ಸಿಗುವವರು ಗೋಲು ಹೊಡೆಯುವವರೂ ಅಲ್ಲ, ಗಲಾಟೆ ಮಾಡುವವರೂ ಅಲ್ಲ. ಸದ್ದಿಲ್ಲದೆ ಬಂದು ಆಡಿ ಹೋಗುವ ಮಕ್ಕಳು.

ಇನ್ನೊಂದು ಮಾತು, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಅಣ್ಣನಂತೆ ಇರುವಾಗಲೂ ಎಲ್ಲರ ಕಣ್ಣೆದುರೇ ಇರಿ. ಮಗುವಿನ ಜೊತೆ ಗುಟ್ಟಿನ ಮಾತು ಇದ್ದರೆ ಮೈದಾನದ ಅಂಚಿನಲ್ಲಿ, ಬೇರೆಯವರಿಗೆ ಕಾಣುವಂತೆ ಆಡಿ. ಮೆಸೇಜ್ ಏನಿದ್ದರೂ ತಂದೆ ತಾಯಿ ಇರುವ ಗ್ರೂಪಿನಲ್ಲಿ ಹಾಕಿ. ಮನೆಯಲ್ಲಿ ಹೊಡೆತವೋ, ಇನ್ನೇನೋ ಹಿಂಸೆಯೋ ಎಂದು ಮಗು ಹೇಳಿಕೊಂಡರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಭಾಷೆ ಕೊಡಬೇಡಿ. ಮಕ್ಕಳ ಸಹಾಯವಾಣಿ 1098 ಇದೆ, ಕರೆ ಮಾಡಿ.

ನೀವು ಮನೆಗೆ ಹೋಗಿ ಬಂದ ಮೇಲೂ ಹುಡುಗ ತಕ್ಷಣ ಬಾರದಿರಬಹುದು. ದಿನಾ ಫೋನ್ ಮಾಡಿ ಒತ್ತಾಯ ಮಾಡಬೇಡಿ. ವಾರಕ್ಕೊಮ್ಮೆ ಅವನ ಗೆಳೆಯನ ಕೈಯಲ್ಲಿ ‘ಸರ್ ಕೇಳುತ್ತಿದ್ದರು’ ಎಂದು ಹೇಳಿ ಕಳಿಸಿದರೆ ಸಾಕು. ಮತ್ತೆ ಆ 7ನೇ ನಂಬರ್ ಜೆರ್ಸಿ ಇದೆಯಲ್ಲ, ಅದನ್ನು ಒಗೆದು, ಮಡಚಿ, ನಿಮ್ಮ ಚೀಲದಲ್ಲೇ ಇಟ್ಟುಕೊಳ್ಳಿ. ಕೇಳುತ್ತಿರುವ ಹುಡುಗನಿಗೆ ‘ಅದಕ್ಕೆ ಆಳಿದ್ದಾನೆ, ಬರುತ್ತಾನೆ’ ಎಂದು ಹೇಳಿ.