ಓದುಗರ ಪ್ರಶ್ನೆ: ಕ್ಯಾಮೆರಾ ಕೊಡಿಸಲಾ, ಬೇರೇನಾದರೂ ಮಾಡಲಾ?

ಪ್ರಶ್ನೆ: ಮೇಡಂ, ನಾನು ಹಾಸನದವನು. ನೈರೋಬಿಯಲ್ಲಿ ಅಕೌಂಟ್ಸ್ ಕೆಲಸ. ನನ್ನ ಸಹೋದ್ಯೋಗಿಯ ತಂಗಿ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದಾಳೆ. ಇಲ್ಲಿನ ಕೊಳೆಗೇರಿ ಕಿಬೇರಾದ ಜನ 20 ಲೀಟರಿನ ಹಳದಿ ಕ್ಯಾನುಗಳಲ್ಲಿ ದುಡ್ಡು ಕೊಟ್ಟು ನೀರು ತರುತ್ತಾರಲ್ಲ, ಅದರ ಕಥೆ. ಫೋನಿನಲ್ಲೇ ಶೂಟ್ ಮಾಡುತ್ತಿದ್ದಾಳೆ. ನಾನು ಸ್ವಲ್ಪ ಹಣ ಹಾಕಬಲ್ಲೆ. ಒಳ್ಳೆಯ ಕ್ಯಾಮೆರಾ ಕೊಡಿಸಲಾ?

ಉತ್ತರ: ಕೇಳಿದ್ದೇ ಖುಷಿಯಾಯಿತು. ಆದರೆ ಕ್ಯಾಮೆರಾ ಈಗಲೇ ಬೇಡ. ಚಿತ್ರ ಫೋನಿನಲ್ಲೂ ಚೆನ್ನಾಗಿಯೇ ಬರುತ್ತದೆ, ಕೆಡುವುದು ಧ್ವನಿ. ಕ್ಯಾನು ಹೊತ್ತು ನಿಂತ ಹೆಂಗಸು ಏನು ಹೇಳಿದಳು ಅನ್ನೋದೇ ಕೇಳಿಸದಿದ್ದರೆ ಎಷ್ಟು ಒಳ್ಳೆಯ ಶಾಟ್ ಆದರೂ ಪ್ರಯೋಜನವಿಲ್ಲ. ಅದಕ್ಕೇ ಮೊದಲು ಒಂದು ಕಾಲರ್ ಮೈಕ್ ಕೊಡಿಸಿ. ಜೊತೆಗೆ ಎರಡು ಹಾರ್ಡ್ ಡಿಸ್ಕ್. ಒಂದು ಅವಳ ಹತ್ತಿರ ಇರಲಿ, ಇನ್ನೊಂದು ನಿಮ್ಮ ಮನೆಯಲ್ಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ನೀರು ಮಾರುವುದರ ಹಿಂದೆ ಯಾರ್ಯಾರದೋ ಲಾಭ ಇರುತ್ತದೆ. ಅವರಿಗೆ ಈ ಸಿನಿಮಾ ಬೇಕಾಗಿರುವುದಿಲ್ಲ. ಒಂದು ಡಿಸ್ಕ್ ಕಳೆದರೂ ಕೆಲಸ ಉಳಿಯಬೇಕು.

ಇಂಥ ಸಿನಿಮಾಗಳು ಜಾಸ್ತಿ ಸಾಯುವುದು ಶೂಟಿಂಗ್ ಮುಗಿದ ಮೇಲೆ. ಫುಟೇಜ್ ಗಂಟೆಗಟ್ಟಲೆ ಇರುತ್ತದೆ, ಮಾತು ಸ್ವಾಹಿಲಿ ಮತ್ತು ಅಲ್ಲಿನ ಹುಡುಗರ ಬೆರಕೆ ಭಾಷೆ ಷೆಂಗ್‌ನಲ್ಲಿರುತ್ತದೆ, ಅದನ್ನೆಲ್ಲ ಕೇಳಿ ಬರೆದಿಟ್ಟು ಇಂಗ್ಲಿಷಿಗೆ ಹಾಕದೆ ಹೊರಗಿನ ಯಾವ ಫಂಡಿನವರಿಗೂ ತೋರಿಸಲಾಗುವುದಿಲ್ಲ, ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಖಾಲಿಯಾಗಿ ಹುಡುಗಿ ಮದುವೆ ವಿಡಿಯೊ ಮಾಡಲು ಹೊರಟಿರುತ್ತಾಳೆ. ನಿಮ್ಮ ಹಣ ಬೇಕಾಗುವುದು ಅಲ್ಲಿ. ಎಡಿಟಿಂಗ್ ನಡೆಯುವ ತಿಂಗಳುಗಳ ಅವಳ ಮನೆ ಬಾಡಿಗೆ ಕಟ್ಟಿದರೂ ಅದು ಸಿನಿಮಾಕ್ಕೆ ಕೊಟ್ಟ ಹಣವೇ.

ನೀವಿರುವ ನೈರೋಬಿಯದೇ ಉದಾಹರಣೆ ಇದೆ. ನಿರ್ದೇಶಕ ಸ್ಯಾಮ್ ಸೋಕೊ ಅವರ ಸಾಕ್ಷ್ಯಚಿತ್ರ 'ಸಾಫ್ಟಿ'. ಹೋರಾಟಗಾರರಿಗೆ ಉಪಯೋಗವಾಗುವ ಒಂದು ಚಿಕ್ಕ ವಿಡಿಯೊ ಮಾಡೋಣ ಅಂತ ಹೊರಟವರು ಅವರು. ಫೋಟೊಗ್ರಾಫರ್ ಬೊನಿಫೇಸ್ ಮ್ವಾಂಗಿ ಅವರ ಹಿಂದೆ ಬಿದ್ದು ಕೊನೆಗೆ ವರ್ಷಗಟ್ಟಲೆ ಶೂಟ್ ಮಾಡಿದರು. 2013ರಲ್ಲಿ ಸಂಸದರು ಸಂಬಳ ಏರಿಸಿಕೊಳ್ಳಲು ಹೊರಟಾಗ ಸಂಸತ್ತಿನ ಮುಂದೆ ಹಂದಿಗಳನ್ನು ಬಿಟ್ಟು ಪ್ರತಿಭಟಿಸಿದ್ದು ಇದೇ ಮ್ವಾಂಗಿ. 2017ರಲ್ಲಿ ನೈರೋಬಿಯ ಸ್ಟಾರೆಹೆ ಕ್ಷೇತ್ರದಿಂದ ಚುನಾವಣೆಗೆ ನಿಂತರು. ಓಟಿಗೆ ದುಡ್ಡು ಕೊಡಲ್ಲ ಅಂದರು, ಸೋತರು. ಬೆದರಿಕೆ ಬಂದು ಹೆಂಡತಿ, ಮಕ್ಕಳು ಅಮೆರಿಕಕ್ಕೆ ಹೋಗಬೇಕಾಯಿತು. ಇಷ್ಟು ವರ್ಷದ ಫುಟೇಜನ್ನು ಒಂದು ಸಂಸಾರದ ಕಥೆಯಾಗಿ ಹೆಣೆದಿದ್ದಾರಲ್ಲ, ಅದೇ ಅದರ ಶಕ್ತಿ. 2020ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಸಿಕ್ಕ ಬಹುಮಾನವೂ ಎಡಿಟಿಂಗ್‌ಗೇ.

ನೈರೋಬಿಯಲ್ಲೇ ಡಾಕ್ಯುಬಾಕ್ಸ್ ಅನ್ನುವ ಸಂಸ್ಥೆಯಿದೆ. ನಿರ್ದೇಶಕಿ ಜೂಡಿ ಕಿಬಿಂಗೆ ಕಟ್ಟಿದ್ದು. ಪೂರ್ವ ಆಫ್ರಿಕಾದ ಹೊಸಬರಿಗೆ ಹಣವನ್ನೂ ತರಬೇತಿಯನ್ನೂ ಕೊಡುತ್ತದೆ. ಅವಳು ಅಲ್ಲಿಗೆ ಹೋಗಲಿ. ಇಂಥ ಕಡೆ ಅರ್ಜಿ ಹಾಕುವಾಗ ಬಜೆಟ್ ಬರೆಯಬೇಕು, ಕಲಾವಿದರು ತಡವರಿಸುವುದು ಅಲ್ಲೇ. ನೀವು ಅಕೌಂಟ್ಸ್‌ನವರು ಅಲ್ವಾ? ಎರಡು ಸಂಜೆ ಕೂತು ಲೆಕ್ಕದ ಹಾಳೆ ಮಾಡಿಕೊಡಿ. ಹಣಕ್ಕಿಂತ ಅದು ದೊಡ್ಡ ಸಹಾಯವಾದೀತು.

ಇನ್ನೊಂದು ಮಾತು. ದುಡ್ಡು ಕೊಟ್ಟೆ ಅಂತ ಕಥೆಯಲ್ಲಿ ಕೈಯಾಡಿಸಬೇಡಿ.

ಪ್ರಶ್ನೆ: ಆಫ್ರಿಕಾದ ಬಡತನ, ಕಾಯಿಲೆಗಳ ಮೇಲೆ ವಿದೇಶಿ ಚಾನೆಲ್‌ಗಳು ಬೇಕಾದಷ್ಟು ಸಿನಿಮಾ ಮಾಡಿವೆ. ಅಲ್ಲಿನ ಹುಡುಗರಿಗೇ ಬೇರೆ ಫಂಡ್ ಯಾಕೆ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಯಾಕೆ ಅಂದರೆ, ಅವರಿಗೆ ಕ್ಯಾಮೆರಾ ಸಿಗದಂತೆ ನೋಡಿಕೊಂಡ ಕಾಲವೊಂದಿತ್ತು. ಫ್ರಾನ್ಸ್ 1934ರಲ್ಲಿ ಲವಾಲ್ ಆದೇಶ ಅಂತ ಒಂದನ್ನು ತಂದಿತು. ತನ್ನ ಆಫ್ರಿಕನ್ ವಸಾಹತುಗಳಲ್ಲಿ ಅನುಮತಿಯಿಲ್ಲದೆ ಯಾರೂ ಚಿತ್ರೀಕರಣ ಮಾಡುವಂತಿರಲಿಲ್ಲ. ಪಾಲಾಂ ವಿಯೇರಾ ಆಫ್ರಿಕಾದವರು, ಪ್ಯಾರಿಸ್‌ನಲ್ಲಿ ಸಿನಿಮಾ ಕಲಿತವರು. ಆಫ್ರಿಕಾದಲ್ಲಿ ಶೂಟ್ ಮಾಡಲು ಅನುಮತಿ ಸಿಗದೆ, ಅವರೂ ಗೆಳೆಯರೂ ಸೇರಿ 1955ರಲ್ಲಿ ಪ್ಯಾರಿಸ್‌ನಲ್ಲಿದ್ದ ಆಫ್ರಿಕನ್ನರ ಮೇಲೆಯೇ ಸಿನಿಮಾ ಮಾಡಿದರು. ಸ್ವಂತ ಊರನ್ನು ಸ್ವಂತ ಕಣ್ಣಿನಿಂದ ತೋರಿಸಲು ಪರವಾನಗಿ ಬೇಡಬೇಕಿದ್ದ ಜನ ಅವರು. ಇವತ್ತು ಅಂಥ ಆದೇಶ ಇಲ್ಲ, ಆದರೆ ಫಂಡುಗಳು ಜಾಸ್ತಿ ಇರುವುದು ಯುರೋಪು, ಉತ್ತರ ಅಮೆರಿಕದಲ್ಲಿ. ಹಣ ಕೊಡುವವನು ದೂರದಲ್ಲಿದ್ದಾಗ, ಅವನಿಗೆ ಮೊದಲೇ ಗೊತ್ತಿರುವ ಆಫ್ರಿಕಾವನ್ನೇ ತೋರಿಸುವ ಒತ್ತಡ ಬಂದೇ ಬರುತ್ತದೆ.

ಊರಿನವರೇ ಮಾಡಿದರೆ, ಊರಿನವರಿಗೇ ತೋರಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಆಫ್ರಿಕಾದ ಪುಟ್ಟ ಗುಡ್ಡಗಾಡು ದೇಶ ಲೆಸೊಥೊ ನೋಡಿ. 2001ರಲ್ಲಿ 'ಸ್ಟೆಪ್ಸ್ ಫಾರ್ ದಿ ಫ್ಯೂಚರ್' ಯೋಜನೆಯಲ್ಲಿ ದಕ್ಷಿಣ ಆಫ್ರಿಕಾ ಭಾಗದ ನಿರ್ದೇಶಕರು ಎಚ್‌ಐವಿ ಕುರಿತು ಚಿತ್ರಗಳನ್ನು ಮಾಡಿದರು. ಸಂಚಾರಿ ಸಿನಿಮಾ ಅವನ್ನು ಗುಡ್ಡದ ಹಳ್ಳಿಗಳಿಗೆ ಹೊತ್ತೊಯ್ದಿತು. ಎಚ್‌ಐವಿ ಇದ್ದ ಯುವಕರೇ ಜೊತೆಗೆ ಹೋಗಿ, ಜನರ ಮುಂದೆ ನಿಂತು, ನನಗೆ ಈ ಸೋಂಕಿದೆ ಅಂತ ಬಾಯಿಬಿಟ್ಟು ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಹೊರಗಿನ ಚಾನೆಲ್ ಅರ್ಧ ಗಂಟೆ ತೋರಿಸಿ ಹೋದರೆ ಇದು ಆಗುತ್ತದಾ?

ಬರೀ ಕಷ್ಟದ ಕಥೆಗಳಷ್ಟೇ ಬರುತ್ತವೆ ಅಂದುಕೊಳ್ಳಬೇಡಿ. ಮಾಲಿಯ ಉಸ್ಮಾನ್ ಸಮಾಸ್ಸೆಕು ಅವರ 'ದಿ ಲಾಸ್ಟ್ ಶೆಲ್ಟರ್' ಸಹಾರಾ ಅಂಚಿನ ಗಾವ್ ಊರಿನ ಒಂದು ವಲಸಿಗರ ಮನೆಯಲ್ಲಿ ನಡೆಯುತ್ತದೆ. ಅಲ್ಲಿರುವವರು ಅಂಕಿಸಂಖ್ಯೆಗಳಲ್ಲ. ಹಟ, ಕನಸು, ಸ್ನೇಹ ಎಲ್ಲ ಇರುವ ಹುಡುಗ ಹುಡುಗಿಯರು. 2021ರಲ್ಲಿ ಕೋಪನ್‌ಹೇಗನ್ ಸಾಕ್ಷ್ಯಚಿತ್ರೋತ್ಸವದ ಮುಖ್ಯ ಪ್ರಶಸ್ತಿ ಗೆದ್ದದ್ದು ಅದು.

ಪ್ರಶ್ನೆ: ನಮ್ಮದು ಶಿವಮೊಗ್ಗದ ಪುಟ್ಟ ಸಿನಿಮಾ ಬಳಗ. ಆಫ್ರಿಕಾದ ಇಂಥ ಒಂದು ಸಾಕ್ಷ್ಯಚಿತ್ರ ತೋರಿಸುವ ಆಸೆ. ಹೇಗೆ?

ಉತ್ತರ: ಎಲ್ಲಿಂದಲೋ ಡೌನ್‌ಲೋಡ್ ಮಾಡಿ ತೋರಿಸಬೇಡಿ. ನಿರ್ಮಾಪಕರಿಗೆ ಇಮೇಲ್ ಬರೆಯಿರಿ. ಎಷ್ಟು ಜನ ಬರುತ್ತಾರೆ, ಟಿಕೆಟ್ ಇದೆಯೋ ಇಲ್ಲವೋ ತಿಳಿಸಿ, ಪ್ರದರ್ಶನಕ್ಕೆ ಎಷ್ಟು ಕೊಡಬೇಕು ಅಂತ ಕೇಳಿ. ಚಿಕ್ಕ ಬಳಗ ಅಂದರೆ ಕಡಿಮೆ ಮಾಡಿಯಾರು. ಆದರೂ ಏನಾದರೂ ಕೊಡಿ, ಮುಂದಿನ ಸಿನಿಮಾ ಹುಟ್ಟುವುದು ಆ ದುಡ್ಡಿನಿಂದಲೇ. ಸಬ್‌ಟೈಟಲ್ ಫೈಲ್ ಕೇಳಿ ಪಡೆದು, ಒಪ್ಪಿಗೆ ಸಿಕ್ಕರೆ ಕನ್ನಡಕ್ಕೆ ಹಾಕಿ. ಚಿತ್ರ ಮುಗಿದ ಮೇಲೆ ನಿರ್ದೇಶಕರ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಿ. ನೈರೋಬಿ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ನಿಮ್ಮಲ್ಲಿ ಸಂಜೆ ಆರೂವರೆ ಅಂದರೆ ಅಲ್ಲಿ ನಾಲ್ಕು, ಯಾರಿಗೂ ತೊಂದರೆಯಿಲ್ಲ.